ನಾಯಿ ಹಾಸಿಗೆಯ ಗುಂಡಿ

ರಾಯದುರ್ಗದ ನಮ್ಮ ಶೆಡ್ಡಿನಲ್ಲಿ ನಾಯಿಗಳಿಗೆ ಹೊಲಿಯುವ ಪ್ರತಿ ಹಾಸಿಗೆಗೂ ಒಂದು ಬದಿಯಲ್ಲಿ ಮೂರು ಜೀನ್ಸ್ ಗುಂಡಿಗಳಿರುತ್ತವೆ. ಒಳಗೆ ಏನಿದೆ ಎಂದು ಯಾರು ಬೇಕಾದರೂ ಬಿಚ್ಚಿ ನೋಡಬಹುದು. ನಾಯಿ ಒಯ್ಯಲು ಬರುವವರು ಆ ಗುಂಡಿಗಳನ್ನು ಮುಟ್ಟಿ, ಕೆಲಸ ಎಷ್ಟು ಅಚ್ಚುಕಟ್ಟು ಎಂದು ಹೊಗಳುತ್ತಾರೆ. ಹೊಗಳಿಕೆ ಎಂದರೆ ನನಗೆ ಪ್ರಾಣ. ಬೇರೆಯವರಿಗೆ ಸಿಕ್ಕರೆ ಆ ದಿನ ಊಟ ಸೇರುವುದಿಲ್ಲ. ಆದರೆ ಗುಂಡಿಯನ್ನು ಹೊಗಳಿದಾಗ ಮಾತ್ರ ನಾನು ಬೇರೇನೋ ಕೆಲಸವಿದ್ದವಳಂತೆ ಎದ್ದು ಹೋಗುತ್ತೇನೆ. ಮೊದಲು ಆ ಹಾಸಿಗೆಗಳಿಗೆ ಗುಂಡಿ ಇರಲಿಲ್ಲ, ನಾಲ್ಕೂ ಬದಿ ಹೊಲಿದು ಮುಚ್ಚಿಬಿಡುತ್ತಿದ್ದೆ. ಗುಂಡಿ ಬಂದದ್ದು ನನ್ನ ಹೊಟ್ಟೆಕಿಚ್ಚಿನಿಂದ.

ಕೆಲವರಿಗೆ ಚಿಕ್ಕಂದಿನಿಂದ ನೆಗಡಿ ಇರುವ ಹಾಗೆ ನನಗೆ ಹೊಟ್ಟೆಕಿಚ್ಚು ಇದೆ. ಹವಾ ಬದಲಾದರೆ ಹೆಚ್ಚುತ್ತದೆ, ಪೂರ್ತಿ ಹೋಗುವುದಂತೂ ಇಲ್ಲ. ಜೀನ್ಸ್ ಯೂನಿಟ್ಟಿನಲ್ಲಿ ಪಕ್ಕದ ಮಷೀನಿನವಳಿಗೆ ಹೊಸ ಸೂಜಿ ಕೊಟ್ಟರೆ ನನ್ನ ಕಣ್ಣು ಅಲ್ಲಿಗೇ ಹೋಗುತ್ತದೆ. ನನ್ನ ಗಂಡ ಅದೇ ಯೂನಿಟ್ಟಿನಲ್ಲಿ ಕಟಿಂಗ್ ಮಾಸ್ಟರ್. ಕತ್ತರಿಗಿಂತ ಹರಿತ ನಿನ್ನ ಕಣ್ಣು ಎಂದು ಎಲ್ಲರೆದುರಿಗೇ ಕಾಲೆಳೆಯುತ್ತಾನೆ. ಕತ್ತರಿಯನ್ನೂ ಹೊಗಳಿದನಲ್ಲ ಎಂದು ನಾನು ಮುಖ ಊದಿಸಿಕೊಳ್ಳುತ್ತೇನೆ.

ನಾನು ರಾಯದುರ್ಗಕ್ಕೆ ಬಂದದ್ದು ಮದುವೆಯಾಗಿ. ಹುಟ್ಟಿದ್ದು ಮಡಕಶಿರಾ ಕಡೆ, ಹೇಮಾವತಿ ಎಂಬ ಊರಿಗೆ ನಡೆದೇ ಹೋಗಬಹುದಾದ ಒಂದು ಹಟ್ಟಿಯಲ್ಲಿ. ಕುರಿ ಕಾಯುವ ಮನೆ ನಮ್ಮದು. ಗಂಡುಮಕ್ಕಳಿಲ್ಲ, ನಾನು ದೊಡ್ಡವಳು, ಆಮೇಲೆ ನನ್ನ ತಂಗಿ. ಅಪ್ಪ ನನಗೆ ನಾಲಿಗೆ ಮಡಚಿ ಶಿಳ್ಳೆ ಹಾಕುವುದನ್ನು ಕಲಿಸಿದ್ದ. ಎರಡು ಚಿಕ್ಕದು, ಒಂದು ಉದ್ದ. ಆ ಶಿಳ್ಳೆ ಕೇಳಿದರೆ ಗುಡ್ಡದ ಆಚೆ ಇದ್ದ ನಾಯಿಯೂ ಓಡಿ ಬರುತ್ತಿತ್ತು. ಹೆಣ್ಣುಮಗಳಿಗೆ ಶಿಳ್ಳೆ ಏಕೆ ಎಂದು ಹಟ್ಟಿಯವರು ಗೊಣಗಿದರೂ ಅಪ್ಪ ಕಿವಿಗೆ ಹಾಕಿಕೊಳ್ಳಲಿಲ್ಲ. ತಂಗಿಗೂ ಕಲಿಸಲು ನೋಡಿದ. ಅವಳ ಬಾಯಿಂದ ಬರೀ ಗಾಳಿ ಬಂತು. ನನಗೆ ಆದ ಸಂತೋಷವನ್ನು ಹೇಳಿಕೊಳ್ಳಲು ನಾಚಿಕೆಯಾಗಬೇಕು, ಆಗುವುದಿಲ್ಲ.

ಅಪ್ಪ ಹೋದ ಮೇಲೆ ಕುರಿಗಳು ತಂಗಿಗೆ ಹೋದವು. ಅವಳು ಅದೇ ಹಟ್ಟಿಯಲ್ಲಿ ಮದುವೆಯಾಗಿ ಅಲ್ಲೇ ಉಳಿದವಳು, ನಾನು ಜೀನ್ಸ್ ಹೊಲಿಯುವವಳು. ಕುರಿ ಅವಳಿಗೆ ಹೋದದ್ದು ಸರಿಯೇ. ಆದರೆ ಅಪ್ಪನ ಕರಿ ಕಂಬಳಿಯೂ ಅವಳಿಗೇ ಯಾಕೆ ಹೋಗಬೇಕಿತ್ತು? ಯಾರೂ ಕೊಡಲಿಲ್ಲ, ಯಾರೂ ಕೇಳಲಿಲ್ಲ. ಅದು ಗೂಟಕ್ಕೆ ನೇತುಬಿದ್ದಿತ್ತು, ಅವಳು ಹೊದ್ದುಕೊಂಡಳು, ಅಷ್ಟೆ. ನಾನು ಹೊರಡುವ ದಿನದವರೆಗೂ ಅದರ ಕಡೆ ನೋಡುತ್ತಲೇ ಇದ್ದೆ. ತೆಗೆದುಕೋ ಎಂದು ಅವಳಾಗಿ ಅನ್ನಲಿ ಎಂದು ಕಾದೆ. ಅನ್ನಲಿಲ್ಲ. ನನ್ನ ಪಾಲಿಗೆ ಶಿಳ್ಳೆಯೊಂದೇ ಉಳಿಯಿತು.

ಆಗಿನ ವರ್ಷಗಳಲ್ಲಿ ರಾಯದುರ್ಗದಲ್ಲಿ ಜನ ಬರುತ್ತಲೂ ಇದ್ದರು, ಹೋಗುತ್ತಲೂ ಇದ್ದರು. ಸುತ್ತಲ ಹಳ್ಳಿಗಳವರು ಜೀನ್ಸ್ ಹೊಲಿಯಲು ಊರಿಗೆ ಬಂದರೆ, ಊರಿನವರು ಬಳ್ಳಾರಿಗೂ ಬೆಂಗಳೂರಿಗೂ ಹೊರಟುಬಿಡುತ್ತಿದ್ದರು. ಹೋಗುವವರ ಜೊತೆ ಪಾತ್ರೆ ಹೋಗುತ್ತಿತ್ತು, ಹಾಸಿಗೆ ಹೋಗುತ್ತಿತ್ತು, ಟಿವಿಯೂ ಹೋಗುತ್ತಿತ್ತು. ನಾಯಿಗೆ ಮಾತ್ರ ಬಸ್ಸಿನಲ್ಲಿ ಜಾಗವಿರಲಿಲ್ಲ. ನಮ್ಮ ಗಲ್ಲಿಯಲ್ಲಿ ಹಾಗೆ ಬೀಗ ಬಿದ್ದ ಒಂದು ಮನೆಯ ಹೊಸ್ತಿಲ ಮೇಲೆ ಬೂದಿ ಬಣ್ಣದ ಹೆಣ್ಣು ನಾಯಿಯೊಂದು ಕೂತೇ ಇತ್ತು. ಒಂದು ಕಿವಿ ಮಡಚಿಕೊಂಡಿತ್ತು. ಯಾರು ಏನು ಹಾಕಿದರೂ ಮೂಸಿ ನೋಡುತ್ತಿರಲಿಲ್ಲ. ವಾರವಾದರೂ ಎದ್ದು ಹೋಗಲಿಲ್ಲ. ನನ್ನ ಮನೆಯವರು ಬಿಟ್ಟರೂ ನಾನು ಬಿಡುವುದಿಲ್ಲ ಎನ್ನುವ ಆ ಹಟ ನೋಡಿ, ಅದನ್ನು ಬಿಟ್ಟುಹೋದ ಆ ಜನರ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು. ನನಗಾಗಿ ಯಾರೂ ಹಾಗೆ ಹೊಸ್ತಿಲು ಕಾದದ್ದಿಲ್ಲ.

ಒಂದು ಬೆಳಿಗ್ಗೆ ಯೂನಿಟ್ಟಿಗೆ ಹೋಗುವಾಗ ಅದರ ಮುಂದೆ ಕೂತು, ಮೆಲ್ಲಗೆ ಅಪ್ಪನ ಶಿಳ್ಳೆ ಹಾಕಿದೆ. ಮಡಚಿದ ಕಿವಿ ಎದ್ದಿತು. ಬುತ್ತಿಯ ರೊಟ್ಟಿ ಮುರಿದು ಕೊಟ್ಟೆ, ತಿಂದಿತು. ನನ್ನ ಹಿಂದೆಯೇ ಬಂತು.

ಅದನ್ನು ಕರೆದುಕೊಂಡು ಹೋದದ್ದು ಕಾಂಪೌಂಡರಮ್ಮನ ಶೆಡ್ಡಿಗೆ. ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದು ನಿವೃತ್ತಿಯಾದ ಹೆಂಗಸು ಆಕೆ, ಊರಿಗೆಲ್ಲ ಅದೇ ಹೆಸರು. ಮನೆಯ ಹಿಂದೆ ಹಿಂದೊಮ್ಮೆ ಕಡಲೆಕಾಯಿ ತುಂಬುತ್ತಿದ್ದ ತಗಡಿನ ಶೆಡ್ಡಿನಲ್ಲಿ ಹೀಗೆ ಬಿಟ್ಟುಹೋದ ನಾಯಿಗಳನ್ನು ಇಟ್ಟುಕೊಂಡಿದ್ದಳು. ಗಾಯ ತೊಳೆದು, ಸೂಜಿ ಹಾಕಿ, ಒಳ್ಳೆ ಮನೆ ಸಿಕ್ಕರೆ ಕೊಡುತ್ತಿದ್ದಳು. ಬೂದಿ ನಾಯಿಗೆ ಆಕೆ ಅನ್ನ ಹಾಕಿದಳು, ಮುಟ್ಟಲಿಲ್ಲ. ನಾನು ಹಾಕಿದೆ, ತಿಂದಿತು.

“ನಿನ್ನ ಕೈಯಾಗಿಂದಷ್ಟ ತಿಂತೈತಿ ಇದು. ದಿನಾ ಬಾರವಾ,” ಎಂದಳು.

ಆ ಮಾತಿಗೆ ನಾನು ಯಾವ ದೇವರ ಪ್ರಸಾದಕ್ಕೂ ಹಿಗ್ಗದಷ್ಟು ಹಿಗ್ಗಿದೆ. ಯೂನಿಟ್ ಶುರುವಾಗುವ ಮೊದಲು ಒಂದು ಗಂಟೆ, ಸಂಜೆ ಒಂದು ಗಂಟೆ, ಶೆಡ್ಡು ನನ್ನ ಎರಡನೇ ಕೆಲಸವಾಯಿತು. ನಾಯಿಗಳನ್ನು ಪಳಗಿಸುವುದು ನನಗೆ ಅಪ್ಪನಿಂದ ಬಂದದ್ದು. ಅನ್ನದ ತಟ್ಟೆ ಮುಂದಿಟ್ಟರೂ ಹೇಳುವವರೆಗೆ ಕಾಯಬೇಕು, ಕಸಿಯಬಾರದು. ಮೈಮೇಲೆ ಹಾರಬಾರದು. ಕೋಲು ಎತ್ತಿದರೆ ಓಡಬಾರದು, ಕಚ್ಚಲೂ ಬರಬಾರದು. ಇದು ಕಷ್ಟದ್ದು, ಏಕೆಂದರೆ ಬಂದ ನಾಯಿಗಳಲ್ಲಿ ಹೆಚ್ಚಿನವು ಕೋಲಿನ ರುಚಿ ಕಂಡವೇ. ಜೀನ್ಸಿನ ಪಕ್ಕದ ಹೊಲಿಗೆ ಪಟ್ಟಿಗಳನ್ನು ಹೆಣೆದು ಹಗ್ಗ ಮಾಡಿಕೊಂಡೆ, ಅದು ಕುತ್ತಿಗೆಗೆ ಒತ್ತುವುದಿಲ್ಲ. ನಮ್ಮ ಗಡಿ ಸೀಮೆಯಲ್ಲಿ ಯಾವ ಮನೆ ಸಿಗುತ್ತದೋ ಗೊತ್ತಿಲ್ಲ. ಹಾಗಾಗಿ ಬಾ ಎಂದರೂ ಬರಬೇಕು, ರಾ ಎಂದರೂ ಬರಬೇಕು. ಕನ್ನಡದಲ್ಲಿ ಕೂರುವ ನಾಯಿ ತೆಲುಗಿನಲ್ಲೂ ಕೂರುವವರೆಗೆ ನಾನು ಬಿಡುತ್ತಿರಲಿಲ್ಲ. ನಾಯಿಗಳಿಗೆ ಹೆಸರಿಡಬಾರದು ಎನ್ನುವುದು ಕಾಂಪೌಂಡರಮ್ಮನ ನಿಯಮ, ಹೆಸರು ಒಯ್ದವರು ಇಡಲಿ ಎಂದು. ಬೂದಿ ನಾಯಿಗೆ ನಾನು ಗುಟ್ಟಾಗಿ ಒಂದು ಹೆಸರಿಟ್ಟೆ. ಅದನ್ನು ಇಲ್ಲಿಯೂ ಬರೆಯುವುದಿಲ್ಲ.

ಕಷ್ಟವೆಂದರೆ ಕೊಡುವುದು. ತಿಂಗಳುಗಟ್ಟಲೆ ನನ್ನ ಕೈ ಅನ್ನ ತಿಂದ ನಾಯಿ, ಒಯ್ಯಲು ಬಂದ ಹೆಂಗಸಿನ ಕೈಯನ್ನು ಒಂದೇ ನಿಮಿಷದಲ್ಲಿ ನೆಕ್ಕುತ್ತಿತ್ತು. ಎಷ್ಟು ಚೆನ್ನಾಗಿ ಹೊಂದಿಕೊಂಡಿತು ನೋಡಿ ಎಂದು ಕಾಂಪೌಂಡರಮ್ಮ ನಗುತ್ತಿದ್ದಳು. ನನಗೆ ಮೈಯೆಲ್ಲ ಉರಿ. ಮನೆ ನೋಡಿಕೊಂಡು ಬಾ ಎಂದು ನನ್ನನ್ನೇ ಕಳಿಸುತ್ತಿದ್ದಳು, ನಾನು ಹೋದ ಮನೆಗಳಲ್ಲೆಲ್ಲ ಏನಾದರೊಂದು ಹುಳುಕು ಹುಡುಕಿ ತರುತ್ತಿದ್ದೆ. ಬೊಮ್ಮನಹಾಳ್ ಕಡೆ ಭತ್ತದ ಗದ್ದೆ ಕಾಯಲು ನಾಯಿ ಕೇಳಿದವರ ಮನೆ ಮುಂದೆ ಕಾಲುವೆ ಇದೆ, ಮುಳುಗಿ ಸಾಯುತ್ತದೆ ಎಂದೆ. ನಾಯಿಗೆ ಈಜು ಬರುತ್ತದೆ ಎಂದು ಆಕೆ ನೆನಪಿಸಿದಳು. ಒಬ್ಬ ಮೇಷ್ಟರ ಹೆಂಡತಿಯ ಬಗ್ಗೆ ಹೇಳಲು ಏನೂ ಸಿಗದೆ, ಆಕೆಯ ನಗು ಸರಿಯಿಲ್ಲ ಎಂದೆ. ಕಾಂಪೌಂಡರಮ್ಮ ನನ್ನನ್ನೇ ದಿಟ್ಟಿಸಿ, ನಿನಗೆ ನಾಯಿ ಸಾಕುವವರನ್ನು ಕಂಡರೂ ಹೊಟ್ಟೆಕಿಚ್ಚೇ ಎಂದು ಕೇಳಿದಳು. ನಾನು ಹಗ್ಗಕ್ಕೆ ಇನ್ನೊಂದು ಪಟ್ಟಿ ಸೇರಿಸಿ ಹೆಣೆದೆ.

ಹಾಗೆಂದು ನನ್ನಿಂದ ಶೆಡ್ಡಿಗೆ ಒಳ್ಳೆಯದೂ ಆಗಿದೆ. ಕೊಟ್ಟ ನಾಯಿಗಳು ಮೊದಲೆಲ್ಲ ಹೊಸ ಮನೆಯಲ್ಲಿ ನಿಲ್ಲದೆ ತಪ್ಪಿಸಿಕೊಳ್ಳುತ್ತಿದ್ದವು. ನಮ್ಮ ಹಟ್ಟಿಯಲ್ಲಿ ಒಂದು ಕುರಿಮಂದೆಯ ನಾಯಿ ಇನ್ನೊಂದು ಮಂದೆಗೆ ಹೋಗುವ ಮೊದಲು, ತೆಗೆದುಕೊಳ್ಳುವವರ ಕಂಬಳಿಯ ತುಂಡೊಂದು ಬರುತ್ತದೆ. ಎಂಟು ದಿನ ನಾಯಿ ಅದರ ಮೇಲೆ ಮಲಗಬೇಕು, ಅದರ ಮೇಲೆಯೇ ತಿನ್ನಬೇಕು. ಆಮೇಲೆ ಆ ವಾಸನೆ ಎಲ್ಲಿದೆಯೋ ಅದೇ ಅದರ ಮನೆ. ಇದನ್ನೇ ಶೆಡ್ಡಿಗೆ ತಂದೆ. ಹೊಸ ಮನೆಯವರು ಉಟ್ಟು ಹಳೆಯದಾದ ಬಟ್ಟೆ ಕಳಿಸಬೇಕು, ನಾನು ಅದನ್ನು ಒಳಗಿಟ್ಟು ಮೇಲೆ ಜೀನ್ಸ್ ಚೂರುಗಳ ಹೊದಿಕೆ ಹಾಕಿ ಹಾಸಿಗೆ ಹೊಲಿಯುತ್ತಿದ್ದೆ. ಅಲ್ಲಿಂದೀಚೆಗೆ ಒಂದು ನಾಯಿಯೂ ವಾಪಸ್ಸು ಬರಲಿಲ್ಲ. ಊರಲ್ಲಿ ಎಲ್ಲರೂ ಕಾಂಪೌಂಡರಮ್ಮನನ್ನು ಹೊಗಳಿದರು. ಅದೂ ನನಗೆ ಹಿಡಿಸಲಿಲ್ಲ.

ಬೂದಿ ನಾಯಿಯನ್ನು ಮಾತ್ರ ನಾನು ಯಾರ ಕಣ್ಣಿಗೂ ಬೀಳದಂತೆ ನೋಡಿಕೊಂಡಿದ್ದೆ. ಕೇಳುವವರು ಬಂದಾಗ ಅದನ್ನು ತಿರುಗಾಡಿಸಲು ಹೊರಗೆ ಕರೆದೊಯ್ಯುತ್ತಿದ್ದೆ. ನನ್ನ ಬಾಡಿಗೆ ಮನೆಯಲ್ಲಿ ನಾಯಿ ಕಟ್ಟಲು ಮಾಲೀಕರು ಒಪ್ಪುತ್ತಿರಲಿಲ್ಲ. ನನ್ನದು ಮಾಡಿಕೊಳ್ಳಲು ದಾರಿಯಿರಲಿಲ್ಲ, ಬೇರೆಯವರದಾಗಲು ಬಿಡುವ ಮನಸ್ಸೂ ಇರಲಿಲ್ಲ.

ಹೀಗಿರುವಾಗ ತಂಗಿಯ ಫೋನ್ ಬಂತು. ಅವಳ ಗಂಡ ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿ ಎರಡು ವರ್ಷವಾಗಿತ್ತು, ಹಬ್ಬಕ್ಕೆ ಬಂದು ಹೋಗುತ್ತಿದ್ದ. ಮಂದೆಯನ್ನು ಅವಳೊಬ್ಬಳೇ ಕಾಯುತ್ತಿದ್ದಳು. ಮುದಿ ನಾಯಿ ಸತ್ತಿತಂತೆ. ತೋಳಗಳಿಗೆ ಅದು ಹೇಗೋ ಗೊತ್ತಾಗಿ, ಹಗಲಲ್ಲೇ ಬಂದು ಎರಡು ಮರಿ ಎತ್ತಿಕೊಂಡು ಹೋದವಂತೆ. “ನಿಮ್ಮ ಶೆಡ್ನಾಗೆ ಕುರಿ ಕಾಯೋ ಅಂಥದ್ದು ಒಂದು ಇದ್ರೆ ಕೊಡ್ಸಕ್ಕ,” ಎಂದಳು. ಅಂಥದ್ದು ಯಾವುದೂ ಇಲ್ಲ ಎಂದೆ. ನನ್ನ ಗ್ರಹಚಾರಕ್ಕೆ ಕಾಂಪೌಂಡರಮ್ಮ ಪಕ್ಕದಲ್ಲೇ ಕೂತಿದ್ದಳು.

ಬೂದಿ ನಾಯಿ ಇದೆಯಲ್ಲ ಎಂದಳು ಆಕೆ. ಅದಕ್ಕೆ ಕುರಿ ಕಂಡರೆ ಭಯ ಎಂದೆ. ಮಾರನೆಯ ದಿನ ಶೆಡ್ಡಿನ ಮುಂದೆ ಮಂದೆಯೊಂದು ಹಾದುಹೋಗುವಾಗ ಆಕೆ ಬೇಕೆಂದೇ ಬಾಗಿಲು ತೆರೆದಳು. ಬೂದಿ ನಾಯಿ ತಲೆ ತಗ್ಗಿಸಿ ಮಂದೆಯ ಅಂಚಿನಲ್ಲೇ ನಡೆಯಿತು. ರಸ್ತೆಗೆ ಇಳಿದ ಮರಿಯೊಂದನ್ನು ಮುಟ್ಟದೆ, ಬೊಗಳದೆ, ಸುಮ್ಮನೆ ಅಡ್ಡ ನಿಂತು ಒಳಗೆ ತಿರುಗಿಸಿತು. ಅದನ್ನು ಬಿಟ್ಟುಹೋದವರು ಹಿಂದೆ ಕುರಿ ಸಾಕಿದ್ದರೋ ಏನೋ. ಕಾಂಪೌಂಡರಮ್ಮ ನಾಯಿಯ ಕಡೆ ನೋಡಲಿಲ್ಲ, ನನ್ನನ್ನೇ ನೋಡಿದಳು. “ಸುಳ್ಳು ಹೇಳಾಕೂ ಬರಬೇಕವಾ,” ಎಂದು ಒಳಗೆ ಹೋದಳು.

ವಾರದಲ್ಲಿ ತಂಗಿ ಕಳಿಸಿದ ಗಂಟು ಬಂತು. ಪೇಪರು ಬಿಚ್ಚಿದರೆ ಕರಿ ಕಂಬಳಿಯ ತುಂಡು. ಅಂಚಿನ ಕೆಂಪು ನೂಲು ನೋಡುತ್ತಿದ್ದಂತೆ ಗೊತ್ತಾಯಿತು, ಅಪ್ಪನದು. ಮೂಗಿಗೆ ಹಿಡಿದೆ. ಒಲೆಯ ಹೊಗೆ, ಕುರಿ, ಅಪ್ಪನ ಬೀಡಿ. ಇಷ್ಟು ವರ್ಷವಾದರೂ ಬೀಡಿಯ ವಾಸನೆ ಹೋಗಿರಲಿಲ್ಲ, ಅಥವಾ ನನಗೆ ಹಾಗೆ ಅನ್ನಿಸಿತೋ. ನಾಯಿಗೆ ಬೇಕು ಎಂದು ಅವಳು ಅಪ್ಪನ ಕಂಬಳಿಗೆ ಕತ್ತರಿ ಹಾಕಿದ್ದಳು. ನನಗೆಂದು ಅದರ ಒಂದು ಎಳೆ ನೂಲನ್ನೂ ಕೊಟ್ಟವಳಲ್ಲ. ಕುರಿ ಅವಳಿಗೆ, ಕಂಬಳಿ ಅವಳಿಗೆ, ಈಗ ನನ್ನ ನಾಯಿಯೂ ಅವಳಿಗೆ. ಮಷೀನಿನ ಮುಂದೆ ಕೂತು ಅತ್ತೆ. ದುಃಖದಿಂದಲ್ಲ, ಸಿಟ್ಟಿನಿಂದ.

ಆಮೇಲೆ ಮಾಡಿದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ಕಂಬಳಿಯ ತುಂಡನ್ನು ಮಡಚಿ ನನ್ನ ದಿಂಬಿನ ಕೆಳಗೆ ಇಟ್ಟುಕೊಂಡೆ. ಯೂನಿಟ್ಟಿಗೆ ಉಟ್ಟು ಉಟ್ಟು ಸವೆದ ನನ್ನ ನೀಲಿ ಸೀರೆಯನ್ನು, ಒಗೆಯದೆ, ಬೆವರು ಮಷೀನೆಣ್ಣೆ ಸಮೇತ ಮಡಚಿ ಹಾಸಿಗೆಯ ಒಳಗೆ ಹಾಕಿದೆ. ಮೇಲೆ ದಪ್ಪ ಜೀನ್ಸ್. ನಾಲ್ಕೂ ಬದಿ ಜೋಡಿ ಹೊಲಿಗೆ, ಮೂಲೆಗಳಿಗೆ ಜೇಬಿನ ಬಾಯಿಗೆ ಹಾಕುವಂಥ ಗಟ್ಟಿ ಹೊಲಿಗೆ. ಅದನ್ನು ಬಿಚ್ಚಿ ನೋಡುವ ತಾಳ್ಮೆ ಯಾರಿಗೂ ಇರದು ಎಂದು ನನಗೆ ಗೊತ್ತಿತ್ತು. ಎಂಟು ದಿನ ನಾಯಿ ಅದರ ಮೇಲೆ ಮಲಗಿತು. ಹಟ್ಟಿಗೆ ಹೋದರೂ ಅದಕ್ಕೆ ನನ್ನದೇ ಗುಂಗು ಹಿಡಿಯಬೇಕು, ತಂಗಿ ಬೇಸತ್ತು ವಾಪಸ್ಸು ಕಳಿಸಬೇಕು, ಇಷ್ಟೇ ನನ್ನ ಲೆಕ್ಕಾಚಾರ. ರಾತ್ರಿ ಮಲಗಿದಾಗ ನನ್ನ ಗಂಡ ಮಾತ್ರ ಮೂಗು ಮುಚ್ಚಿಕೊಂಡ. “ಇದೇನ ಹಾಸಿಗ್ಯಾಗ ಕುರಿ ವಾಸನಿ ಬರ್ತೈತಲ್ಲ?” ಎಂದ. ಶೆಡ್ಡಿನಿಂದ ಬಂದಿರಬೇಕು ಎಂದು ಆಚೆ ತಿರುಗಿ ಮಲಗಿದೆ.

ಮಡಕಶಿರಾ ಕಡೆ ಹೋಗುವ ಟೆಂಪೊದಲ್ಲಿ ನಾಯಿಯನ್ನು ನಾನೇ ಕರೆದುಕೊಂಡು ಹೋದೆ. ತಂಗಿ ತಲೆಗೆ ಟವೆಲ್ ಸುತ್ತಿಕೊಂಡು ಹಟ್ಟಿಯ ಹುಣಸೆಮರದ ಹತ್ತಿರ ಕಾಯುತ್ತಿದ್ದಳು. ಮೊದಲು ಬಗ್ಗಿ ನಾಯಿಯ ತಲೆ ಸವರಿದಳು, ಆಮೇಲೆ ನನ್ನನ್ನು ಮಾತಾಡಿಸಿದಳು. ಅದನ್ನೂ ನಾನು ಎಣಿಸಿಟ್ಟುಕೊಂಡೆ.

ನಾಯಿ ಕೊಡುವಾಗ ನಮ್ಮ ಹಟ್ಟಿಯಲ್ಲಿ ಒಂದು ಪದ್ಧತಿಯಿದೆ. ತೆಗೆದುಕೊಳ್ಳುವವರು ಒಳಗಿನಿಂದ ಹಿಡಿ ಕಲ್ಲುಪ್ಪು ತಂದುಕೊಡುತ್ತಾರೆ. ಕೊಡುವವರು ಅದನ್ನು ಬಾಯಿಗೆ ಹಾಕಿಕೊಂಡು, ಊರ ಗಡಿ ಕಲ್ಲು ದಾಟುವವರೆಗೆ ಉಗುಳದೆ ನಡೆಯಬೇಕು. ಬಾಯಿ ತುಂಬ ಉಪ್ಪುನೀರು ಇದ್ದರೆ ನಾಯಿಯನ್ನು ಹಿಂದಕ್ಕೆ ಕರೆಯಲು ಆಗುವುದಿಲ್ಲ, ಶಿಳ್ಳೆ ಹಾಕಲಂತೂ ಸಾಧ್ಯವೇ ಇಲ್ಲ. ತಂಗಿ ಉಪ್ಪು ಕೊಟ್ಟಳು. ನಾನು ಬಾಯಿಗೆ ಹಾಕಿಕೊಂಡ ಹಾಗೆ ಮಾಡಿ, ಸೆರಗಿನಲ್ಲಿ ಹಿಡಿದು, ಹುಣಸೆಮರ ದಾಟುತ್ತಿದ್ದಂತೆ ಬೇಲಿಗೆ ಚೆಲ್ಲಿದೆ. ಶಿಳ್ಳೆ ಹಾಕಲಿಲ್ಲ. ಹೊಲಿಗೆಯ ಮೇಲೆ ನನಗೆ ನಂಬಿಕೆಯಿತ್ತು.

ರಾಯದುರ್ಗಕ್ಕೆ ಬಂದು ಫೋನಿಗಾಗಿ ಕಾದೆ. ಹನ್ನೆರಡು ದಿನ ಏನೂ ಇಲ್ಲ. ಬಂದದ್ದು ಕಾಂಪೌಂಡರಮ್ಮನಿಗೆ. ನಾಯಿ ಹಾಸಿಗೆ ಬಿಟ್ಟು ಕದಲುವುದಿಲ್ಲವಂತೆ. ಹೊರಗೆ ಎಳೆದರೆ ಹಾಸಿಗೆಯನ್ನೇ ಕಚ್ಚಿಕೊಂಡು ಬಂದು ಅದೇ ಮೂಲೆಯಲ್ಲಿ ಮಲಗುತ್ತದಂತೆ. ಮಂದೆಯ ಜೊತೆ ಒಂದು ದಿನವೂ ಹೋಗಿಲ್ಲ. ನನಗೆ ಮೊದಲು ಆದದ್ದು ಸಂತೋಷ. ನಾಯಿ ವಾಪಸ್ಸು ಬರುತ್ತದೆ ಎಂದುಕೊಂಡೆ. ಕಾಂಪೌಂಡರಮ್ಮ ಉಳಿದದ್ದನ್ನೂ ಹೇಳಿದಳು. ಹಿಂದಿನ ದಿನ ತೋಳ ಮತ್ತೆ ಬಂದಿದೆ. ತಂಗಿ ಒಬ್ಬಳೇ ಕೋಲು ಹಿಡಿದು ಹಿಂದೆ ಓಡಿ ಬಂಡೆಯ ಮೇಲಿಂದ ಬಿದ್ದು ಮುಂಗೈ ಮೂಳೆ ಮುರಿದುಕೊಂಡಿದ್ದಾಳೆ. ಅಕ್ಕನಿಗೆ ತಿಳಿಸಬೇಡಿ, ಅವಳು ಕಲಿಸಿದ ನಾಯಿ, ಬೇಜಾರು ಮಾಡಿಕೊಳ್ಳುತ್ತಾಳೆ ಎಂದಿದ್ದಳಂತೆ.

“ಎಂಟು ದಿನ ಆ ಮನಿ ಕಂಬಳಿ ಮ್ಯಾಲ ಮಲಗಿದ ನಾಯಿ ಆ ಮನಿ ಯಾಕ ಒಲ್ಲದು?” ಎಂದು ಕೇಳಿದಳು ಕಾಂಪೌಂಡರಮ್ಮ. ಅದೇ ಬೆಳಿಗ್ಗೆ ದಿಂಬಿನ ಕೆಳಗಿನ ಕಂಬಳಿ ತುಂಡನ್ನೂ ಹೊಲಿಗೆ ಬಿಚ್ಚುವ ಕೊಕ್ಕೆಯನ್ನೂ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ.

ಹಟ್ಟಿ ತಲುಪಿದಾಗ ಮಧ್ಯಾಹ್ನ. ಜಗಲಿಯ ಮೂಲೆಯಲ್ಲಿ ಹಾಸಿಗೆಯ ಮೇಲೆ ಮಲಗಿದ್ದ ಬೂದಿ ನಾಯಿ ನನ್ನನ್ನು ಕಂಡದ್ದೇ ಎದ್ದು ಓಡಿಬಂತು. ಹಾರಬಾರದೆಂದು ಕಲಿಸಿದ್ದನ್ನೆಲ್ಲ ಮರೆತು ನನ್ನ ಎದೆಯವರೆಗೂ ಹಾರಿತು. ಪಕ್ಕೆಲುಬು ಕಾಣುತ್ತಿತ್ತು. ಅದನ್ನು ತಬ್ಬಿಕೊಂಡೇ ತಲೆ ಎತ್ತಿದೆ. ತಂಗಿ ಕೈಗೆ ಕಟ್ಟು ಹಾಕಿಕೊಂಡು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವಳ ಮುಖದಲ್ಲಿ ಇದ್ದದ್ದನ್ನು ನಾನು ಒಂದೇ ನೋಟಕ್ಕೆ ಗುರುತು ಹಿಡಿದೆ. ಅದರ ಜೊತೆ ನಾನು ಹುಟ್ಟಿದಾಗಿನಿಂದ ಬಾಳಿದವಳು. ಅವಳ ಮುಖದಲ್ಲಿ ಅದನ್ನು ಕಂಡದ್ದು ಅದೇ ಮೊದಲು.

“ನನ್ನತ್ರ ಒಂದಿನಾನೂ ಇದು ಹಿಂಗೆ ಬರ್ಲಿಲ್ಲ ಕಣಕ್ಕ,” ಎಂದಳು.

ನಾನು ಜಗಲಿಯ ಮೇಲೆ ಕೂತು ಹಾಸಿಗೆಯನ್ನು ಎಳೆದುಕೊಂಡು ಹೊಲಿಗೆ ಬಿಚ್ಚತೊಡಗಿದೆ. ನನ್ನದೇ ಹೊಲಿಗೆ, ಸುಲಭಕ್ಕೆ ಬಿಡಲಿಲ್ಲ. ಒಂದೊಂದು ಎಳೆ ಕಿತ್ತು, ಮೂಲೆಗೆ ಬರುವಾಗ ಬೆರಳಿಗೆ ಕೊಕ್ಕೆ ಚುಚ್ಚಿತು. ತಂಗಿ ಬಂದು ಪಕ್ಕದಲ್ಲಿ ಕೂತಳು. ಒಂದು ಬದಿ ತೆರೆದುಕೊಂಡು ನೀಲಿ ಸೀರೆ ಹೊರಬಂತು. ಮಡಕಶಿರಾ ಸಂತೆಯಲ್ಲಿ ಅವಳೇ ಆರಿಸಿ ನನಗೆ ತಂದುಕೊಟ್ಟಿದ್ದ ಸೀರೆ ಅದು. ಹಾಸಿಗೆಯೊಳಗೆ ಹಾಕುವಾಗ ಕಂಬಳಿಯ ನೆನಪಿತ್ತು, ಈ ಸೀರೆ ಯಾರು ಕೊಟ್ಟದ್ದು ಎಂಬ ನೆನಪು ನನಗೆ ಬಂದಿರಲಿಲ್ಲ. ಅವಳು ಗುರುತು ಹಿಡಿದಳು. ನಾನು ಚೀಲದಿಂದ ಕಂಬಳಿ ತುಂಡನ್ನು ತೆಗೆದು ಮಧ್ಯೆ ಇಟ್ಟೆ.

“ಕೇಳಿದ್ರೆ ಕೊಡ್ತಿದ್ನಲ್ಲಕ್ಕ,” ಎಂದಳು.

“ಕೇಳ್ದೆ ಕೊಡ್ಲಿ ಅಂತ ಇತ್ತು,” ಎಂದೆ.

ಅವಳು ನನ್ನನ್ನು ಬಯ್ಯಲಿಲ್ಲ. ಬಯ್ದಿದ್ದರೆ ನಾನೂ ನಾಲ್ಕು ಮಾತು ಅಂದು ಹಗುರಾಗುತ್ತಿದ್ದೆ. ಅವಳು ಕಂಬಳಿಯನ್ನು ನೆಲಕ್ಕೆ ಹಾಸಿ ನಾಯಿಯನ್ನು ಕರೆದಳು. ನಾಯಿ ಮೂಸಿ, ನನ್ನ ಕಡೆ ನೋಡಿ, ಬಾಲ ಆಡಿಸಿತು. ಇಪ್ಪತ್ತು ದಿನ ನನ್ನ ತಲೆಯ ಕೆಳಗೆ ಇದ್ದ ಕಂಬಳಿ, ಅದಕ್ಕೂ ನನ್ನ ವಾಸನೆಯೇ ಹಿಡಿದಿತ್ತು. ಕದ್ದದ್ದನ್ನು ವಾಪಸ್ಸು ಕೊಟ್ಟರೂ ಕೆಲಸಕ್ಕೆ ಬಾರದ ಹಾಗೆ ಮಾಡಿ ಇಟ್ಟಿದ್ದೆ. ಕೈ ಮುರಿದಿದ್ದರಿಂದ ಅವಳು ಬೆಳಿಗ್ಗೆಯಿಂದ ಕೂಡಿಹಾಕಿದ್ದ ಕುರಿಗಳು ದೊಡ್ಡಿಯೊಳಗೆ ಹಸಿದು ಅರಚುತ್ತಿದ್ದವು. ನಾಯಿಯಿಲ್ಲದೆ ಅವನ್ನು ಹೊರಗೆ ಬಿಡಲು ಅವಳಿಗೆ ಧೈರ್ಯವಿರಲಿಲ್ಲ.

ತಂಗಿ ಎದ್ದು, ನೆಟ್ಟಗಿದ್ದ ಒಂದೇ ಕೈಯಿಂದ ನನ್ನ ನೀಲಿ ಸೀರೆಯನ್ನು ಕೊಡವಿದಳು. ತಲೆಗೂ ಭುಜಕ್ಕೂ ಸುತ್ತಿಕೊಂಡು ತುದಿಯನ್ನು ಸೊಂಟಕ್ಕೆ ಸಿಕ್ಕಿಸಿದಳು. ಕೋಲು ತೆಗೆದುಕೊಂಡಳು.

“ನೀನು ಒಳಕ್ಕೋಗಿ ಬಾಗ್ಲು ಹಾಕ್ಕೋ,” ಎಂದಳು. ಆಮೇಲೆ ನನ್ನ ಮುಖ ನೋಡದೆ, “ಶಿಳ್ಳೆ ಹಾಕ್ಬೇಡ ಅಕ್ಕ,” ಎಂದಳು.

ಒಳಗೆ ಹೋದೆ. ಬಾಗಿಲು ಹಾಕಿದೆ. ಅಡುಗೆಮನೆಯಲ್ಲಿ ಉಪ್ಪಿನ ಗಡಿಗೆ ಅವ್ವ ಇಡುತ್ತಿದ್ದ ಜಾಗದಲ್ಲೇ ಇತ್ತು. ಯಾರೂ ಕೊಡದಿದ್ದರೂ ನಾನೇ ಹಿಡಿ ತುಂಬ ತೆಗೆದು ಬಾಯಿಗೆ ಹಾಕಿಕೊಂಡು ಕಿಟಕಿಗೆ ಬಂದೆ.

ತಂಗಿ ದೊಡ್ಡಿ ತೆರೆದಳು. ಕುರಿಗಳು ಧೂಳೆಬ್ಬಿಸಿಕೊಂಡು ಹೊರಬಂದವು. ನಾಯಿ ಮುಚ್ಚಿದ ಬಾಗಿಲನ್ನು ಉಗುರಿನಿಂದ ಕೆರೆಯಿತು, ಕುಂಯ್‌ಗುಟ್ಟಿತು. ಗಾಳಿ ಅವಳ ಕಡೆಯಿಂದ ಬೀಸುತ್ತಿತ್ತು. ನಾಯಿ ಮೂಗೆತ್ತಿತು. ಅವಳು ಶಿಳ್ಳೆ ಬಾರದ ಬಾಯಲ್ಲಿ ಹೋಯ್ ಎಂದು ಕೂಗಿದಳು. ನಾಯಿ ಜಗಲಿಯಿಂದ ಇಳಿದು ನಿಧಾನಕ್ಕೆ ಅವಳ ಹಿಂದೆ ನಡೆಯಿತು, ಸೀರೆಯ ಅಂಚನ್ನು ಮೂಸಿತು, ಪಕ್ಕಕ್ಕೆ ಬಂತು. ಹುಣಸೆಮರದ ಹತ್ತಿರ ನಿಂತು ಹಿಂತಿರುಗಿ ಮನೆಯ ಕಡೆ ನೋಡಿತು. ಮಡಚಿದ ಕಿವಿ ಎದ್ದಿತ್ತು. ಅದು ಏನನ್ನು ಕೇಳಲು ನಿಂತಿದೆ ಎಂದು ಈ ಲೋಕದಲ್ಲಿ ನನಗೊಬ್ಬಳಿಗೇ ಗೊತ್ತು. ಎರಡು ಚಿಕ್ಕದು, ಒಂದು ಉದ್ದ. ನನ್ನ ನಾಲಿಗೆ ತಾನೇ ಮಡಚಿಕೊಂಡಿತು. ಬಾಯಿ ತುಂಬ ಉಪ್ಪುನೀರು, ಗಂಟಲಿಗೆ ಇಳಿದು ಕಣ್ಣಲ್ಲಿ ನೀರು ಬಂತು. ತುಟಿ ಬಿಗಿದುಕೊಂಡೆ.

ನಾಯಿ ಇನ್ನೂ ಸ್ವಲ್ಪ ಹೊತ್ತು ನಿಂತಿತ್ತು. ಮಂದೆಯಿಂದ ಒಂದು ಮರಿ ಬೇಲಿಯ ಕಡೆ ನುಗ್ಗಿದ್ದನ್ನು ಕಂಡು ತಿರುಗಿ ಓಡಿತು, ಅಡ್ಡ ನಿಂತು ಒಳಗೆ ಸೇರಿಸಿತು. ಆಮೇಲೆ ಹಿಂತಿರುಗಿ ನೋಡಲಿಲ್ಲ. ನೀಲಿ ಸೀರೆ ಬಂಡೆಗಳ ನಡುವೆ ಕಾಣದಾಗುವವರೆಗೆ ಕಿಟಕಿಯಲ್ಲೇ ನಿಂತಿದ್ದೆ. ಹಿಂದಿನಿಂದ ನೋಡಿದರೆ ನಾನೇ ಕುರಿ ಕಾಯಲು ಹೊರಟ ಹಾಗಿತ್ತು.

ಅವರು ಬರುವ ಮೊದಲೇ ಹೊರಟೆ. ಕಂಬಳಿಯ ತುಂಡನ್ನು ಜಗಲಿಯ ಮೇಲೆ ಇಟ್ಟಿದ್ದೆ, ಮುಂದಿನ ಸಂತೆಯ ದಿನ ಅವಳು ಅದನ್ನು ಯಾರದೋ ಕೈಯಲ್ಲಿ ನನಗೇ ಕಳಿಸಿದಳು, ಈ ಸಲ ನಾನು ಕೇಳದೆ. ಸೀರೆಯನ್ನು ಮಾತ್ರ ವಾಪಸ್ಸು ಕೊಡಲಿಲ್ಲ, ಅದನ್ನು ಸುತ್ತಿಕೊಳ್ಳದೆ ಈಗಲೂ ಮಂದೆ ಬಿಡುವುದಿಲ್ಲವಂತೆ. ಮರಿಗಳು ಒಂದೂ ಹೋಗಿಲ್ಲ. ಶೆಡ್ಡಿಗೆ ಬಂದ ದಿನವೇ ನಾನು ಉಳಿದ ಹಾಸಿಗೆಗಳ ಒಂದೊಂದು ಬದಿ ಬಿಚ್ಚಿ ಗುಂಡಿ ಹಾಕಿದೆ.

ಹಟ್ಟಿಯಿಂದ ಹೊರಟ ಆ ಸಂಜೆ, ಊರ ಗಡಿ ಕಲ್ಲು ದಾಟಿದ ಮೇಲೆಯೇ ಉಪ್ಪು ಉಗುಳಿದೆ. ಮನೆಗೆ ಬಂದು ಎಷ್ಟು ನೀರು ಕುಡಿದರೂ ನಾಲಿಗೆಯ ಉರಿ ಹೋಗಲಿಲ್ಲ. ಆ ನಾಯಿಗೆ ಅವಳು ಒಂದು ಹೆಸರಿಟ್ಟಿದ್ದಾಳೆ.

ಒಳ್ಳೆಯ ಹೆಸರೇ. ಫೋನಿನಲ್ಲಿ ಅವಳು ಅದನ್ನು ಕರೆಯುವುದು ಕೇಳಿಸಿದಾಗಲೆಲ್ಲ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.